ಬರೆದ ಪ್ರೇಕ್ಷಕರು, ಬಂದ ಪ್ರೇಕ್ಷಕರು: ಮಾರ್ಟಾ ಬೆಕೆಟ್ ಅವರ ಮರುಭೂಮಿ ರಂಗಮಂದಿರದ ಒಂದು ಮರುಓದು

ಕಲಾವಿದರ ಜೀವನಕಥನಗಳಲ್ಲಿ ಕೆಲವು ಊರುಗಳು ‘ಖಾಲಿ’ ಎಂಬ ವಿಶೇಷಣದೊಡನೆಯೇ ಪ್ರವೇಶಿಸುತ್ತವೆ. ಮಹಾನಗರದಿಂದ ಬಂದ ಕಲಾವಿದರು ಅಂಥ ಊರಿನಲ್ಲಿ ಕಾಲೂರಿದ ಗಳಿಗೆಯಿಂದ ಅಲ್ಲಿ ಕಲೆಯ ಚರಿತ್ರೆ ಆರಂಭವಾಯಿತೆಂದು ಕಥನ ಸೂಚಿಸುತ್ತದೆ. ಅದಕ್ಕೆ ಮುಂಚೆ ಅಲ್ಲಿ ಏನಿತ್ತು, ಯಾರಿದ್ದರು ಎಂಬ ಪ್ರಶ್ನೆ ಏಳುವುದೇ ಅಪರೂಪ. ಅಮೆರಿಕದ ಬ್ಯಾಲೆ ನರ್ತಕಿ, ನೃತ್ಯಸಂಯೋಜಕಿ, ಚಿತ್ರಕಲಾವಿದೆ ಮಾರ್ಟಾ ಬೆಕೆಟ್ (1924–2017) ಅವರ ಬದುಕು ಇಂಥ ಕಥನಕ್ಕೆ ಬಹುಶಃ ಅತ್ಯಂತ ಸುಂದರವಾದ ಉದಾಹರಣೆ. ಸುಂದರವಾಗಿರುವುದರಿಂದಲೇ ಅದನ್ನು ಎಚ್ಚರದಿಂದ ಓದಬೇಕಾಗಿದೆ.

ಕಥನದ ಪ್ರಚಲಿತ ರೂಪ ಇದು. 1967ರ ವಸಂತಕಾಲದಲ್ಲಿ ಪ್ರದರ್ಶನ ಪ್ರವಾಸದ ನಡುವೆ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಬೆಕೆಟ್ ಅವರ ಗಾಡಿಯ ಟೈರು ಪಂಕ್ಚರ್ ಆಗುತ್ತದೆ. ದುರಸ್ತಿಗೆಂದು ನಿಂತ ಊರು ಡೆತ್ ವ್ಯಾಲಿ ಜಂಕ್ಷನ್. ಪಾಳುಬಿದ್ದ ಸಭಾಗೃಹವೊಂದರ ಬಾಗಿಲಿನ ತೂತಿನಲ್ಲಿ ಇಣುಕಿದಾಗ ಒಳಗೊಂದು ರಂಗವೇದಿಕೆ ಕಾಣುತ್ತದೆ. ತಿಂಗಳಿಗೆ 45 ಡಾಲರ್ ಬಾಡಿಗೆಗೆ ಅದನ್ನು ಹಿಡಿಯುತ್ತಾರೆ. 1968ರ ಫೆಬ್ರವರಿ 10ರಂದು ಹನ್ನೆರಡು ಮಂದಿಯ ಎದುರು ಮೊದಲ ಪ್ರದರ್ಶನ ನಡೆಯುತ್ತದೆ. ಪ್ರೇಕ್ಷಕರಿಲ್ಲದ ರಾತ್ರಿಗಳೂ ಇದ್ದವು. ಆದ್ದರಿಂದ ಆಕೆ ಗೋಡೆಗಳ ಮೇಲೆ ಪ್ರೇಕ್ಷಕರನ್ನೇ ಬರೆದುಕೊಂಡರು. ಆ ಬಳಿಕ 2012ರ ಫೆಬ್ರವರಿಯವರೆಗೆ, ನಲವತ್ತನಾಲ್ಕು ವರ್ಷ, ಅದೇ ವೇದಿಕೆಯಲ್ಲಿ ಪ್ರದರ್ಶನ ನೀಡಿದರು.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಕಥನವನ್ನು ಏಕಾಂತದ ವಿಜಯಗಾಥೆಯಾಗಿ ಓದುವ ರೂಢಿಯಲ್ಲಿ ಎರಡು ಸಂಗತಿಗಳು ಮರೆಯಾಗುತ್ತವೆ: ಬೆಕೆಟ್ ಅವರ ನಿಜವಾದ ಸಾಧನೆ ಮತ್ತು ಆ ಮರುಭೂಮಿಯಲ್ಲಿ ಮೊದಲೇ ಇದ್ದ ಜನ. ಎರಡನ್ನೂ ಮರೆಮಾಡುವ ಪರದೆ ಒಂದೇ, ಅದು ‘ಖಾಲಿ’ ಎಂಬ ಮಾತು. ಭಾಷಾ ಅಲ್ಪಸಂಖ್ಯಾತರ ಅಧ್ಯಯನದಲ್ಲಿ ತೊಡಗಿರುವ ನಮಗೂ ಈ ಮಾತಿನೊಡನೆ ಬಹುಕಾಲದ ವ್ಯವಹಾರವಿರುವುದರಿಂದ, ದೂರದ ಈ ಪ್ರಕರಣವನ್ನು ಹತ್ತಿರದಿಂದ ನೋಡುವುದು ಉಪಯುಕ್ತ.

ಸಾಲಿನಿಂದ ಏಕವ್ಯಕ್ತಿಗೆ

ಬೆಕೆಟ್ ಹುಟ್ಟಿ ಬೆಳೆದದ್ದು ನ್ಯೂಯಾರ್ಕಿನಲ್ಲಿ. ರೇಡಿಯೊ ಸಿಟಿ ಮ್ಯೂಸಿಕ್ ಹಾಲಿನ ಬ್ಯಾಲೆ ತಂಡದಲ್ಲಿ ಸಮೂಹ ನರ್ತಕಿಯಾಗಿ ದುಡಿದರು. ‘ಷೋ ಬೋಟ್’, ‘ಎ ಟ್ರೀ ಗ್ರೋಸ್ ಇನ್ ಬ್ರೂಕ್ಲಿನ್’, ‘ವಂಡರ್‌ಫುಲ್ ಟೌನ್’ ಮುಂತಾದ ಬ್ರಾಡ್‌ವೇ ನಾಟಕಗಳಲ್ಲಿ ಕುಣಿದರು. ರೇಡಿಯೊ ಸಿಟಿಯ ಪ್ರೇಕ್ಷಾಗೃಹದಲ್ಲಿ ಸುಮಾರು 6,000 ಆಸನಗಳಿವೆ. ಅಲ್ಲಿ ಸಮೂಹ ನರ್ತಕಿಯಾಗುವುದೆಂದರೆ ಸಾಲಿನಲ್ಲಿ ಒಬ್ಬಳಾಗುವುದು. ಪಕ್ಕದವಳ ತೋಳಿನ ಎತ್ತರಕ್ಕೆ ತನ್ನ ತೋಳಿನ ಎತ್ತರ ಹೊಂದಬೇಕು. ಯಾರೊಬ್ಬರ ಮುಖವೂ ನೋಡುವವರ ನೆನಪಿನಲ್ಲಿ ಪ್ರತ್ಯೇಕವಾಗಿ ಉಳಿಯಬಾರದು. ಆ ಶಿಸ್ತಿನ ಸೌಂದರ್ಯವನ್ನು ಅಲ್ಲಗಳೆಯುವಂತಿಲ್ಲ, ಆದರೆ ಅದರೊಳಗೆ ಕಥೆ ಕಟ್ಟುವ, ಪಾತ್ರ ಸೃಷ್ಟಿಸುವ ಹಂಬಲಕ್ಕೆ ಎಡೆ ಕಡಿಮೆ.

ಈ ಹಂಬಲವೇ ಬೆಕೆಟ್ ಅವರನ್ನು ಏಕವ್ಯಕ್ತಿ ಪ್ರದರ್ಶನದತ್ತ ಕೊಂಡೊಯ್ದಿತು. ಕಥೆ, ನೃತ್ಯಸಂಯೋಜನೆ, ವೇಷಭೂಷಣದ ಹೊಲಿಗೆ, ರಂಗಪರದೆಗಳ ಚಿತ್ರಣ ಎಲ್ಲವನ್ನೂ ತಾವೇ ನಿರ್ವಹಿಸಿ, ಬ್ಯಾಲೆ ಮತ್ತು ಮೂಕಾಭಿನಯ ಬೆರೆತ ಚಿಕ್ಕ ಪ್ರಸಂಗಗಳನ್ನು ಕಟ್ಟಿ ದೇಶದ ಸಣ್ಣ ಪಟ್ಟಣಗಳ ಸಭಾಗೃಹಗಳಲ್ಲಿ ಪ್ರದರ್ಶಿಸುತ್ತ ತಿರುಗಿದರು. ಅವರ ಕಲೆಯ ರೂಪ ಮರುಭೂಮಿಗೆ ಬರುವ ಮುನ್ನವೇ ಸಿದ್ಧವಾಗಿತ್ತು ಎಂಬುದು ಇಲ್ಲಿ ಗಮನಾರ್ಹ. ಪಂಕ್ಚರಿನ ಪ್ರಸಂಗವನ್ನು ವಿಧಿಯ ಕರೆಯೆಂದು ಹೇಳುವಾಗ, ಏಕಾಂಗಿಯಾಗಿ ಆಡುವ ಕ್ರಮವನ್ನು ಮರುಭೂಮಿಯ ಏಕಾಂತವೇ ರೂಪಿಸಿತೆಂಬ ಭಾವನೆ ಮೂಡುತ್ತದೆ. ವಾಸ್ತವದಲ್ಲಿ ಆ ಕ್ರಮ ನ್ಯೂಯಾರ್ಕಿನ ರಂಗ ಆರ್ಥಿಕತೆಗೆ ಆಕೆ ಕಂಡುಕೊಂಡ ಉತ್ತರವಾಗಿತ್ತು. ತಿರುಗಾಟದ ಬದುಕಿನಲ್ಲಿ ಆಕೆಗೆ ಇಲ್ಲದಿದ್ದದ್ದು ಒಂದು ಮನೆ ಮಾತ್ರ. 1967ರಲ್ಲಿ, ನರ್ತಕಿಯೊಬ್ಬಳು ಸಾಮಾನ್ಯವಾಗಿ ನಿವೃತ್ತಿಯ ಮಾತಾಡುವ ನಲವತ್ತೆರಡನೆಯ ವಯಸ್ಸಿನಲ್ಲಿ, ಆ ಮನೆ ದೊರೆಯಿತು.

ಖಾಲಿಯಾದ ಊರು

ಡೆತ್ ವ್ಯಾಲಿ ಜಂಕ್ಷನ್ ಕ್ಯಾಲಿಫೋರ್ನಿಯಾದ ಇನ್ಯೊ ಕೌಂಟಿಯಲ್ಲಿ, ನೆವಾಡಾದ ಗಡಿಗೆ ಸಮೀಪದಲ್ಲಿದೆ. ಇದರ ಪಶ್ಚಿಮಕ್ಕಿರುವ ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ತಾಪಮಾನ ಜಗತ್ತಿನ ಅತ್ಯಧಿಕ ತಾಪಮಾನವೆಂದು ಪ್ರಸಿದ್ಧ. ಆದರೆ ಈ ಊರು ಬಿಸಿಲಿನಿಂದ ಖಾಲಿಯಾದದ್ದಲ್ಲ. ಈ ಸೀಮೆಯಲ್ಲಿ ಬಿಳಿಗಾರದ ಗಣಿಗಳಿದ್ದವು. ಅದನ್ನು ಸಾಗಿಸಲು ಟೊನೊಪಾ ಮತ್ತು ಟೈಡ್‌ವಾಟರ್ ರೈಲುಮಾರ್ಗವಿತ್ತು. 1923–25ರ ಅವಧಿಯಲ್ಲಿ ಪೆಸಿಫಿಕ್ ಕೋಸ್ಟ್ ಬೊರಾಕ್ಸ್ ಕಂಪನಿ ಇಲ್ಲಿ ಕಚೇರಿ, ವಸತಿ, ಹೋಟೆಲು, ಅಂಗಡಿ, ಸಭಾಗೃಹಗಳಿದ್ದ ಕಟ್ಟಡ ಸಮುಚ್ಚಯವೊಂದನ್ನು ನಿರ್ಮಿಸಿತು. ವಾಸ್ತುಶಿಲ್ಪಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮೆಕಲಕ್. ಶೈಲಿ ಆ ಕಾಲದ ಕ್ಯಾಲಿಫೋರ್ನಿಯಾದಲ್ಲಿ ಜನಪ್ರಿಯವಾಗಿದ್ದ ಸ್ಪ್ಯಾನಿಶ್ ವಸಾಹತು ಶೈಲಿ. ಸಾಮಗ್ರಿ ಬಿಸಿಲಿಗೆ ಒಣಗಿಸಿದ ಮಣ್ಣಿನ ಇಟ್ಟಿಗೆ. ಸಭಾಗೃಹಕ್ಕೆ ಕಾರ್ಕ್‌ಹಿಲ್ ಹಾಲ್ ಎಂಬ ಹೆಸರಿತ್ತು. ಕಂಪನಿಯ ಗಮನ ಬೇರೆ ನಿಕ್ಷೇಪಗಳತ್ತ ಹೊರಳಿತು, 1940ರಲ್ಲಿ ರೈಲು ನಿಂತಿತು, ಜನ ಚದುರಿದರು.

ಬೆಕೆಟ್ ಇಣುಕಿ ನೋಡಿದ ಕತ್ತಲೆಗೆ ಹೀಗೆ ಒಂದು ಇತಿಹಾಸವಿದೆ. ಅದು ಕಂಪನಿಯೊಂದು ಕಟ್ಟಿ, ಬಳಸಿ, ಬಿಟ್ಟುಹೋದ ಜಾಗ. ಮಂದಿ ಸೇರಲೆಂದೇ ಕಟ್ಟಿದ ಸಭಾಗೃಹದಲ್ಲಿ ವೇದಿಕೆ ಮೊದಲೇ ಇತ್ತು. ಬೆಕೆಟ್ ಅದಕ್ಕೆ ಊರಿನ ಹಳೆಯ ಹೆಸರನ್ನೇ ಮರಳಿ ಕೊಟ್ಟು ‘ಅಮರ್ಗೋಸಾ ಒಪೆರಾ ಹೌಸ್’ ಎಂದು ಕರೆದರು. ಅಮರ್ಗೋಸಾ ಎಂದರೆ ಸ್ಪ್ಯಾನಿಶ್ ಭಾಷೆಯಲ್ಲಿ ಕಹಿ. ಅದು ಅಲ್ಲಿಯ ನದಿಯ ನೀರಿನ ರುಚಿಯಿಂದ ಬಂದ ಹೆಸರು. ಈ ಹೆಸರಿಡುವಿಕೆಯಲ್ಲಿ ಆಕೆ ಸ್ಥಳದ ಚರಿತ್ರೆಗೆ ಕಿವಿಗೊಟ್ಟದ್ದು ಕಾಣುತ್ತದೆ. ಆದರೆ ಆಕೆಗೆ ಕೇಳಿಸಿದ ಚರಿತ್ರೆ ಸ್ಪ್ಯಾನಿಶ್ ಪದರದವರೆಗೆ ಮಾತ್ರ ಇಳಿಯಿತು. ಅದರ ಕೆಳಗಿನ ಪದರದ ಮಾತು ಮುಂದೆ ಬರುತ್ತದೆ.

ವೇಳೆಗೆ ತೆರೆ ಏಳುವುದು

ಮೊದಲ ರಾತ್ರಿಯ ಹನ್ನೆರಡು ಮಂದಿ ಬಹುಮಟ್ಟಿಗೆ ಆಸುಪಾಸಿನವರೇ. ಕೂರಲು ತೋಟದಲ್ಲಿ ಹಾಕುವ ಮಡಚು ಕುರ್ಚಿಗಳು; ಬೆಳಕಿಗೆ ಕಾಫಿ ಡಬ್ಬಗಳಿಂದ ಮಾಡಿಕೊಂಡ ರಂಗದೀಪಗಳು. ಅಲ್ಲಿಂದ ಮುಂದೆ ವಾರದ ಗೊತ್ತಾದ ರಾತ್ರಿಗಳಲ್ಲಿ, 8.15ರ ಹೊತ್ತಿಗೆ, ಪ್ರದರ್ಶನ ನಡೆಯುವುದು ನಿಯಮವಾಯಿತು. ನೋಡಲು ಬಂದವರು ಎಷ್ಟು ಎಂಬುದರ ಮೇಲೆ ತೆರೆ ಏಳುವುದು ನಿಂತಿರಲಿಲ್ಲ. ಯಾರೂ ಬಾರದ ರಾತ್ರಿಗಳಲ್ಲೂ ಆಕೆ ಕುಣಿದರು.

ಪ್ರಚಲಿತ ಕಥನ ಇದನ್ನು ವಿಲಕ್ಷಣತೆಯೆಂದು, ಹೃದಯಸ್ಪರ್ಶಿಯಾದ ಹಟವೆಂದು ಬಣ್ಣಿಸುತ್ತದೆ. ಟಿಕೇಟು ಮಾರಾಟವೇ ಪ್ರದರ್ಶನದ ಸಾರ್ಥಕತೆಯ ಅಳತೆಯಾಗಿರುವ ರಂಗಸಂಸ್ಕೃತಿಯಲ್ಲಿ ಹಾಗೆ ಕಾಣುವುದು ಸಹಜ. ಕಾಸರಗೋಡಿನ ಓದುಗರಿಗೆ ಇದು ಅಷ್ಟು ವಿಲಕ್ಷಣವಾಗಿ ಕಾಣಬೇಕಾಗಿಲ್ಲ. ತೆಂಕುತಿಟ್ಟಿನ ಹರಕೆಯಾಟ ದೇವರಿಗೆ ಸಲ್ಲುವ ಸೇವೆ. ಚೌಕಿಪೂಜೆಯಿಂದ ಮಂಗಳದವರೆಗೆ ಅದರ ಕ್ರಮವನ್ನು ಪ್ರೇಕ್ಷಕರ ಸಂಖ್ಯೆ ನಿರ್ಧರಿಸುವುದಿಲ್ಲ. ಕಾಲಮಿತಿಯ ಆಟಗಳು ಬಳಕೆಗೆ ಬರುವ ಮೊದಲು, ನಡುರಾತ್ರಿ ಕಳೆದು ಬಯಲಿನಲ್ಲಿ ಬೆರಳೆಣಿಕೆಯ ಮಂದಿ ಉಳಿದಿದ್ದರೂ ಭಾಗವತರು ಪ್ರಸಂಗವನ್ನು ಬೆಳಗಿನವರೆಗೆ ನಡೆಸುತ್ತಿದ್ದರು. ಅದೇ ರಾಜ್ಯದ ದಕ್ಷಿಣಕ್ಕೆ, ದೇವಾಲಯದ ಕೂತ್ತಂಬಲದಲ್ಲಿ ಚಾಕ್ಯಾರರು ದೀಪದ ಎದುರು ನಡೆಸುವ ಕೂಡಿಯಾಟ್ಟವೂ ಮೊದಲು ಸಲ್ಲಬೇಕಾದ ಕರ್ತವ್ಯ, ಆಮೇಲೆ ನೋಡುವವರ ರಂಜನೆ.

ಹೋಲಿಕೆ ಇಲ್ಲಿಗೆ ನಿಲ್ಲಬೇಕು, ಏಕೆಂದರೆ ವ್ಯತ್ಯಾಸ ಇನ್ನೂ ಮುಖ್ಯವಾದದ್ದು. ಹರಕೆಯಾಟದ ಕಲಾವಿದನಿಗೆ ಎದುರಿನ ಬಯಲು ಖಾಲಿಯಾಗುವುದೇ ಇಲ್ಲ. ಅಲ್ಲಿ ನೋಡುವ ದೈವವೊಂದು ಇದ್ದೇ ಇದೆ, ಹರಕೆ ಹೊತ್ತ ಕುಟುಂಬವಿದೆ, ಮೇಳದ ಹಿಂದೆ ದೇವಾಲಯವಿದೆ. ಬೆಕೆಟ್ ಅವರಿಗೆ ಈ ಯಾವ ಆಸರೆಯೂ ಇರಲಿಲ್ಲ. ನಿಯಮವನ್ನು ತಾವೇ ಮಾಡಿಕೊಂಡು ತಾವೇ ಪಾಲಿಸಬೇಕಾಗಿತ್ತು. ಆ ಪಾಲನೆಯೇ ಆಕೆಯ ನಿಜವಾದ ಸಾಧನೆ ಎಂಬುದು ಈ ಲೇಖನದ ಮೊದಲ ವಾದ. ದೂರದ ಊರಿನ ರಂಗಮಂದಿರಕ್ಕೆ ಜನ ಬರುವುದು ಅಲ್ಲಿ ಇಂಥ ದಿನ, ಇಂಥ ಹೊತ್ತಿಗೆ ಪ್ರದರ್ಶನ ಇದ್ದೇ ಇರುತ್ತದೆ ಎಂಬ ನಂಬಿಕೆಯಿಂದ. ನೂರಾರು ಮೈಲಿ ಮರುಭೂಮಿಯ ದಾರಿ ಹಿಡಿಯುವವರಿಗೆ ‘ಇವತ್ತು ಆಟ ಉಂಟೋ ಇಲ್ಲವೋ’ ಎಂಬ ಸಂಶಯವಿದ್ದರೆ ಅವರು ಹೊರಡುವುದಿಲ್ಲ. ಖಾಲಿ ರಾತ್ರಿಗಳಲ್ಲಿ ಕುಣಿದು ಬೆಕೆಟ್ ಗಳಿಸಿದ್ದು ಆ ನಂಬಿಕೆಯನ್ನು. 1970ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ರಂಗಮಂದಿರದ ಸುದ್ದಿ ಬಂದ ಮೇಲೆ ದೂರದವರು ಬರತೊಡಗಿದಾಗ, ಆ ನಿಯಮ ಅವರಿಗಾಗಿ ಸಿದ್ಧವಾಗಿ ಕಾದಿತ್ತು.

ಗೋಡೆಯ ಸಭೆ

1968ರ ಜುಲೈಯಲ್ಲಿ ಬೆಕೆಟ್ ಗೋಡೆಗಳ ಮೇಲೆ ಚಿತ್ರ ಬರೆಯಲು ತೊಡಗಿದರು. ಗೋಡೆಗಳು ಮುಗಿಯಲು ನಾಲ್ಕು ವರ್ಷ, ಮೇಲ್ಛಾವಣಿಗೆ ಇನ್ನೆರಡು ವರ್ಷ ಹಿಡಿಯಿತು. ಬರೆದದ್ದು ಹದಿನಾರನೆಯ ಶತಮಾನದ ಸ್ಪೇನಿನ ಒಂದು ಸಭೆ. ರಂಗಕ್ಕೆ ಎದುರಾದ ಹಿಂಗೋಡೆಯ ನಡುವೆ ಅರಸ ಮತ್ತು ಅರಸಿ. ಸುತ್ತ ಶ್ರೀಮಂತರು, ಗೂಳಿಕಾಳಗದ ವೀರರು, ಸನ್ಯಾಸಿಗಳು, ಸನ್ಯಾಸಿನಿಯರು, ಜಿಪ್ಸಿಗಳು, ವೇಶ್ಯೆಯರು, ಮಕ್ಕಳು, ಕೊನೆಗೆ ಬೆಕ್ಕುಗಳೂ. ಛಾವಣಿಯಲ್ಲಿ ಮೋಡಗಳ ನಡುವೆ ಹಳೆಯ ವಾದ್ಯಗಳನ್ನು ನುಡಿಸುವ ಹೆಂಗಸರು, ಹಾರುವ ದೇವಶಿಶುಗಳು.

ಈ ಚಿತ್ರಗಳನ್ನು ಒಂಟಿತನಕ್ಕೆ ಮಾಡಿಕೊಂಡ ಮದ್ದೆಂದು ವ್ಯಾಖ್ಯಾನಿಸುವವರೇ ಹೆಚ್ಚು. ಇದು ಭಾಗಶಃ ನಿಜವಾದರೂ ವಿಮರ್ಶೆಯ ದೃಷ್ಟಿಯಿಂದ ಸಾಲದು. ಪ್ರೇಕ್ಷಕರಷ್ಟೇ ಬೇಕಾಗಿದ್ದರೆ ಯಾರನ್ನಾದರೂ ಬರೆಯಬಹುದಾಗಿತ್ತು. ಅರಸನನ್ನೇ ಏಕೆ? ಬ್ಯಾಲೆಯ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. ಬ್ಯಾಲೆ ಯುರೋಪಿನ ಅರಮನೆಗಳಲ್ಲಿ ರೂಪುಗೊಂಡ ಕಲೆ. ಆಸ್ಥಾನ ಬ್ಯಾಲೆಯ ಆರಂಭದ ಮುಖ್ಯ ಕೃತಿಯೆಂದು ಎಣಿಸಲಾಗುವ ‘ಬಾಲೆ ಕೋಮಿಕ್ ದ ಲಾ ರೆನ್’ 1581ರಲ್ಲಿ ಫ್ರೆಂಚ್ ಆಸ್ಥಾನದಲ್ಲಿ ಪ್ರದರ್ಶಿತವಾಯಿತು. 1661ರಲ್ಲಿ ನೃತ್ಯದ ರಾಜ ಅಕಾಡೆಮಿಯನ್ನು ಸ್ಥಾಪಿಸಿದ ಹದಿನಾಲ್ಕನೆಯ ಲೂಯಿ ಸ್ವತಃ ನರ್ತಕನಾಗಿದ್ದ. ಅರಸ ಕೂತ ಜಾಗದಿಂದ ಕಾಣುವಂತೆ ವೇದಿಕೆಯ ವಿನ್ಯಾಸವಾಗುತ್ತಿತ್ತು. ನರ್ತಕರ ಮುಖ, ಮುಜುರೆ, ಚಲನೆಗಳ ದಿಕ್ಕು ಆ ಆಸನವನ್ನು ಅವಲಂಬಿಸಿದ್ದವು. ಅರಸರು ಹೋದ ಮೇಲೂ ಆ ಆಸನದ ನೆನಪು ಕಲೆಯ ದೇಹದೊಳಗೆ ಉಳಿಯಿತು. ಬೆಕೆಟ್ ತಮ್ಮ ಕಲೆಯ ವ್ಯಾಕರಣದಲ್ಲಿ ಅಡಗಿದ್ದ ಆ ಪ್ರಥಮ ಪ್ರೇಕ್ಷಕನನ್ನು ಹೊರತೆಗೆದು ಗೋಡೆಯ ಮೇಲೆ ಕೂರಿಸಿದರು. ಈ ಅರ್ಥದಲ್ಲಿ ಭಿತ್ತಿಚಿತ್ರಗಳನ್ನು ಬ್ಯಾಲೆಯ ಬಗ್ಗೆ ಬ್ಯಾಲೆ ನರ್ತಕಿಯೊಬ್ಬಳು ಬರೆದ ಪ್ರಬಂಧವೆಂದೇ ಓದಬಹುದು.

ಅದರಲ್ಲಿ ಜಾಣತನದ ಹಾಸ್ಯವೂ ಇದೆ. ಬೆಕೆಟ್ ಬರೆದ ಅರಸನ ಸಭೆಯಲ್ಲಿ ಎಲ್ಲರೂ ಶಿಸ್ತಿನಿಂದ ಕೂತು ನೋಡುವುದಿಲ್ಲ. ಸನ್ಯಾಸಿನಿಯರು ಮತ್ತು ವೇಶ್ಯೆಯರು ಒಂದೇ ಸೂರಿನ ಕೆಳಗಿದ್ದಾರೆ, ಮಕ್ಕಳಿದ್ದಾರೆ, ಬೆಕ್ಕುಗಳಿವೆ. ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯ ಆದರ್ಶ ಪ್ರೇಕ್ಷಕನ ಲಕ್ಷಣಗಳನ್ನು ಹೇಳುತ್ತಲೇ, ಎಲ್ಲ ಗುಣಗಳೂ ಒಬ್ಬನಲ್ಲೇ ಇರಲಾರವೆಂದು, ವಯಸ್ಸು ಸ್ವಭಾವಗಳಿಗೆ ತಕ್ಕಂತೆ ಒಬ್ಬೊಬ್ಬರು ಒಂದೊಂದನ್ನು ಮೆಚ್ಚುವರೆಂದು ಒಪ್ಪಿಕೊಳ್ಳುತ್ತದೆ. ಅಮರ್ಗೋಸಾದ ಗೋಡೆಯೂ ಇಂಥ ಬಗೆಬಗೆಯ ಪ್ರೇಕ್ಷಕರ ಸಭೆ. ಶುದ್ಧ ಸಹೃದಯರನ್ನೇ ಬರೆಯುವ ಸ್ವಾತಂತ್ರ್ಯವಿದ್ದಾಗಲೂ ಬೆಕೆಟ್ ಬರೆದದ್ದು ನಿಜವಾದ ಜನಸಂದಣಿಯನ್ನು.

ಗೌರವದ ಆಸನ ಯಾರದು?

ಇಷ್ಟನ್ನು ಮೆಚ್ಚಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹದಿನಾರನೆಯ ಶತಮಾನದ ಸ್ಪೇನಿನ ಅರಸನೆಂದರೆ ಅಮೆರಿಕ ಖಂಡಗಳ ಮಟ್ಟಿಗೆ ನಿರುಪದ್ರವಿಯಾದ ಅಲಂಕಾರವಲ್ಲ. 1521ರಲ್ಲಿ ಮೆಕ್ಸಿಕೊ ಪತನವಾದದ್ದು, 1530ರ ದಶಕದಲ್ಲಿ ಪೆರು ಸೋತದ್ದು ಆ ಕಿರೀಟದ ಹೆಸರಿನಲ್ಲಿಯೇ. ಕ್ಯಾಲಿಫೋರ್ನಿಯಾದ ಬೊರಾಕ್ಸ್ ಕಂಪನಿ ತನ್ನ ಕಟ್ಟಡಗಳಿಗೆ ಸ್ಪ್ಯಾನಿಶ್ ವೇಷ ತೊಡಿಸಿದ್ದು 1920ರ ದಶಕದ ಫ್ಯಾಷನ್ನಿನಿಂದ. ಬೆಕೆಟ್ ಆ ವೇಷವನ್ನು ಒಳಗೋಡೆಗೂ ವಿಸ್ತರಿಸಿದರು. ಹೀಗೆ ಸಭೆಯ ಗೌರವದ ಆಸನ ಎಂದೂ ಅಲ್ಲಿಗೆ ಬಾರದ ಅರಸನಿಗೆ ಸಂದಿತು. ಎಂದಿನಿಂದಲೂ ಅಲ್ಲಿಯೇ ಇದ್ದವರು ಬೇರೆ.

ಅವರು ಟಿಂಬಿಶಾ ಶೊಶೋನಿಯರು. ಅವರ ಭಾಷೆ ಉಟೊ-ಅಜ್ಟೆಕನ್ ಭಾಷಾಕುಟುಂಬದ ನ್ಯೂಮಿಕ್ ಶಾಖೆಗೆ ಸೇರಿದ್ದು. ಇಂದು ಅದನ್ನು ಆಡುವವರು ಬಹಳ ಕಡಿಮೆ. ಜಾನ್ ಡೇಲಿಯವರು ಆ ಭಾಷೆಗೆ ಬರೆದ ವ್ಯಾಕರಣ 1989ರಲ್ಲಿ ಪ್ರಕಟವಾಯಿತು. ಟಿಂಬಿಶಾ ಎಂಬ ಹೆಸರಿನ ಮೂಲಾರ್ಥ ಕಲ್ಲಿನ ಬಣ್ಣ, ಅಂದರೆ ಆ ಕಣಿವೆಯಲ್ಲಿ ದೊರೆಯುವ ಕೆಮ್ಮಣ್ಣು. ಹೊರಗಿನವರು ಸಾವಿನ ಕಣಿವೆ ಎಂದು ಕರೆದ ನಾಡಿಗೆ ಅಲ್ಲಿಯವರ ಹೆಸರು ಬಣ್ಣದಿಂದ ಬಂದಿದೆ. ಗೋಡೆಗೆ ಬಣ್ಣ ಬಳಿದು ಮರುಭೂಮಿಗೆ ಜೀವ ತುಂಬಿದ ಕಲಾವಿದೆಯ ಕಥೆಯನ್ನು ಹೇಳುವಾಗ ಈ ಒಂದು ಪದ ನೆನಪಿನಲ್ಲಿದ್ದರೆ ಕಥೆಯ ಸ್ವರೂಪವೇ ಬದಲಾಗುತ್ತದೆ.

ಇನ್ನೊಂದು ಹೋಲಿಕೆ ಮಣ್ಣಿನದು. 1933ರಲ್ಲಿ ಡೆತ್ ವ್ಯಾಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾದ ಮೇಲೆ ಟಿಂಬಿಶಾ ಜನರನ್ನು ಫರ್ನೇಸ್ ಕ್ರೀಕ್‌ನ ಚಿಕ್ಕ ಜಾಗವೊಂದಕ್ಕೆ ಸೀಮಿತಗೊಳಿಸಿ, 1936ರ ಸುಮಾರಿಗೆ ಅವರಿಗೆ ಹಸಿ ಇಟ್ಟಿಗೆಯ ಮನೆಗಳನ್ನು ಕಟ್ಟಿಕೊಡಲಾಯಿತು. ಬೇಸಿಗೆಯ ಉರಿಯಲ್ಲಿ ಬೆಟ್ಟದ ತಂಪಿಗೆ ಏರುವುದು ಆ ಜನರ ಪರಂಪರಾಗತ ಕ್ರಮ. 1950ರ ದಶಕದ ಕೊನೆಯಲ್ಲಿ, ಹೀಗೆ ಜನ ಇಲ್ಲದ ಹೊತ್ತಿನಲ್ಲಿ, ‘ಖಾಲಿ’ ಬಿದ್ದ ಮನೆಗಳೆಂದು ಅವುಗಳಲ್ಲಿ ಹಲವನ್ನು ಅಗ್ನಿಶಾಮಕ ಕೊಳವೆಗಳಿಂದ ನೀರು ಹಾಯಿಸಿ ಕರಗಿಸಲಾಯಿತು. ಸುಮಾರು ಹತ್ತು ವರ್ಷಗಳ ಬಳಿಕ ಬೆಕೆಟ್ ಸಭಾಗೃಹವನ್ನು ಬಾಡಿಗೆಗೆ ಹಿಡಿದರು. ಅದೂ ಹಸಿ ಇಟ್ಟಿಗೆಯದೇ, ಅದೂ ಖಾಲಿ ಬಿದ್ದದ್ದೇ. ಒಂದು ಮಣ್ಣಿನ ಗೋಡೆ ಅಮೂಲ್ಯ ಪರಂಪರೆಯಾಗಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಇನ್ನೊಂದು ಮಣ್ಣಿನ ಗೋಡೆ ನೀರಿನಲ್ಲಿ ಕರಗಿತು. ಖಾಲಿ ಎಂಬ ಮಾತು ಎರಡು ಕಡೆಯೂ ಒಂದೇ. ಒಂದು ಕಡೆ ಅದು ಕಲ್ಪನೆಗೆ ಆಹ್ವಾನವಾಯಿತು, ಇನ್ನೊಂದು ಕಡೆ ಒಕ್ಕಲೆಬ್ಬಿಸಲು ಸಮರ್ಥನೆಯಾಯಿತು.

1983ರಲ್ಲಿ ಟಿಂಬಿಶಾ ಶೊಶೋನಿ ಬುಡಕಟ್ಟಿಗೆ ಅಮೆರಿಕದ ಕೇಂದ್ರ ಸರ್ಕಾರದ ಮಾನ್ಯತೆ ದೊರೆಯಿತು. ಅದೇ ವರ್ಷ ಒಪೆರಾ ಹೌಸಿನ ಮಡಚು ಕುರ್ಚಿಗಳ ಬದಲಿಗೆ ಬೌಲ್ಡರ್ ಸಿಟಿಯ ಚಿತ್ರಮಂದಿರದಿಂದ 120 ಹಳೆಯ ಆಸನಗಳು ಬಂದವು. ಪಾಲಿನ್ ಎಸ್ಟೀವ್ಸ್ ಮೊದಲಾದ ನಾಯಕರ ದೀರ್ಘ ಹೋರಾಟದ ಫಲವಾಗಿ 2000ದಲ್ಲಿ ಟಿಂಬಿಶಾ ಶೊಶೋನಿ ತಾಯ್ನೆಲ ಕಾಯಿದೆ ಜಾರಿಗೆ ಬಂದು, ಒಟ್ಟು ಸುಮಾರು 7,750 ಎಕರೆ ನೆಲ ಬುಡಕಟ್ಟಿಗೆ ಮರಳಿತು. ಅದರಲ್ಲಿ ಸುಮಾರು 1,000 ಎಕರೆ ಇರುವುದು ಡೆತ್ ವ್ಯಾಲಿ ಜಂಕ್ಷನ್‌ನಲ್ಲಿಯೇ. ಟಾಡ್ ರಾಬಿನ್ಸನ್ ಅವರ ‘ಅಮರ್ಗೋಸಾ’ ಎಂಬ ಸಾಕ್ಷ್ಯಚಿತ್ರ ಬೆಕೆಟ್ ಅವರ ಕಥೆಯನ್ನು ಹೊರಜಗತ್ತಿಗೆ ತಲುಪಿಸಿದ್ದೂ 2000ದಲ್ಲಿ. ಒಂದೇ ಊರಿನ ಎರಡು ಚರಿತ್ರೆಗಳು ಒಂದೇ ವರ್ಷಗಳಲ್ಲಿ, ಒಂದನ್ನೊಂದು ಮಾತನಾಡಿಸದೆ ಸಾಗಿದವು. ಅವನ್ನು ಒಂದೇ ಪುಟದಲ್ಲಿ ಇಡುವುದು ವಿಮರ್ಶೆಯ ಕೆಲಸ.

ಒಬ್ಬ ಕಲಾವಿದೆಯಿಂದ ಎಷ್ಟು ಕೇಳಬಹುದು?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಬಾಡಿಗೆ ಹಣಕ್ಕೂ ಕಷ್ಟಪಡುತ್ತ, ಸೋರುವ ಸೂರಿನ ಕೆಳಗೆ ಒಬ್ಬಳೇ ರಂಗಮಂದಿರ ನಡೆಸಿದ ನರ್ತಕಿಯಿಂದ ಇಡೀ ಖಂಡದ ಅನ್ಯಾಯದ ಲೆಕ್ಕ ಕೇಳುವುದು ಸರಿಯೇ? ಆಕೆ ಯಾರ ನೆಲವನ್ನೂ ಕಸಿಯಲಿಲ್ಲ, ಯಾರನ್ನೂ ಬಾಗಿಲಲ್ಲಿ ತಡೆಯಲಿಲ್ಲ. ಲೆಕ್ಕ ಕೊಡಬೇಕಾದದ್ದು ಬೆಕೆಟ್ ಅಲ್ಲ ಎಂಬುದು ನಮ್ಮ ಉತ್ತರ. ತಾನು ಕಂಡ ಕನಸನ್ನು ಬರೆಯುವ ಹಕ್ಕು ಚಿತ್ರಕಾರಳಿಗೆ ಇದೆ. ಆ ಕನಸಿನ ಚೌಕಟ್ಟನ್ನೇ ನಾಡಿನ ಚರಿತ್ರೆಯೆಂದು ಒಪ್ಪಿಕೊಂಡ ನಂತರದ ಕಥನಕಾರರು ಮತ್ತು ವಿಮರ್ಶಕರು ಲೆಕ್ಕ ಕೊಡಬೇಕಾಗಿದೆ.

ಕಥನಕಾರರು ಬೆಕೆಟ್ ಅವರಿಗೂ ಅನ್ಯಾಯ ಮಾಡಿದ್ದಾರೆ. ಏಕಾಂಗಿ ವೀರಳ ಚಿತ್ರದಲ್ಲಿ ಸಹಾಯಕರಿಗೆ ಜಾಗ ಕಡಿಮೆಯಾಗುತ್ತದೆ. 1983ರಲ್ಲಿ ಬಂದ ಟಾಮ್ ವಿಲೆಟ್, 2005ರಲ್ಲಿ ತೀರಿಕೊಳ್ಳುವವರೆಗೆ, ರಂಗನಿರ್ವಾಹಕರಾಗಿ, ನಿರೂಪಕರಾಗಿ, ವಿದೂಷಕರಾಗಿ ಆಕೆಯೊಡನೆ ದುಡಿದರು. ಊರನ್ನು ಉಳಿಸಿಕೊಳ್ಳಲು ಲಾಭರಹಿತ ಸಂಸ್ಥೆಯೊಂದು ರೂಪುಗೊಂಡಿತು. ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಎಂಬ ಸಂಸ್ಥೆಯ ನೆರವಿನಿಂದ ಊರಿನ ಕಟ್ಟಡಗಳು ಅದರ ವಶಕ್ಕೆ ಬಂದವು. ಕಾಲು ಸೋತ ಮೇಲೆ ಬೆಕೆಟ್ ಕುಳಿತಲ್ಲಿಂದಲೇ ಹಾಡಿ, ಕಥೆ ಹೇಳಿ ನಡೆಸಿದ ಪ್ರದರ್ಶನಕ್ಕೆ ‘ದ ಸಿಟ್ಟಿಂಗ್ ಡೌನ್ ಷೋ’ ಎಂದು ಹೆಸರಿಟ್ಟರು. ಬ್ಯಾಲೆಯಂಥ ದೇಹಪ್ರಧಾನವಾದ ಕಲೆಯಲ್ಲಿ, ದೇಹದ ಸೋಲನ್ನೇ ಪ್ರದರ್ಶನದ ಹೆಸರಾಗಿಸುವ ಧೈರ್ಯ ಸಾಮಾನ್ಯವಲ್ಲ. ಜಿಗಿತ, ತುದಿಗಾಲುಗಳಿಲ್ಲದ ಮೇಲೂ ಜನ ಬಂದರೆಂದರೆ, ಅವರು ನೋಡಲು ಬಂದದ್ದು ಬ್ಯಾಲೆಯ ಕೌಶಲವೊಂದನ್ನೇ ಆಗಿರಲಿಲ್ಲ. ತಪ್ಪದೆ ಏಳುವ ತೆರೆಯನ್ನು, ಅದರ ಹಿಂದೆ ಇದ್ದೇ ಇರುವ ವ್ಯಕ್ತಿಯನ್ನು ಅವರು ನೋಡಲು ಬಂದರು. ಮರುಭೂಮಿಯ ಜನರೊಡನೆ ಕಲೆಯನ್ನು ಹಂಚಿಕೊಳ್ಳುವುದೆಂದರೆ ಕೊನೆಗೂ ಇದೇ: ಅಲ್ಲಿರುವುದು, ಇರುತ್ತೇನೆಂಬ ಮಾತನ್ನು ಉಳಿಸಿಕೊಳ್ಳುವುದು.

ನಮ್ಮ ಗೋಡೆ

ಈ ಪ್ರಕರಣ ಗಡಿಯಾಚೆಯ ಕನ್ನಡ ಸಮುದಾಯಗಳ ಅಧ್ಯಯನಕ್ಕೆ ಎರಡು ದಿಕ್ಕಿನಿಂದ ಪ್ರಶ್ನೆ ಹಾಕುತ್ತದೆ. ಮೊದಲನೆಯದು ನಮಗೆ ಅನುಕೂಲವಾದದ್ದು. ಬೆಂಗಳೂರು, ಧಾರವಾಡಗಳಿಂದ ನೋಡುವಾಗ ಜತ್ತ, ಅಕ್ಕಲಕೋಟೆ, ಆದವಾನಿ, ತಾಳವಾಡಿಗಳು ಕನ್ನಡದ ಖಾಲಿ ಅಂಚುಗಳಾಗಿ ಕಾಣುವುದುಂಟು. ಅಲ್ಲಿಗೊಂದು ಸಮ್ಮೇಳನ, ಒಂದು ನಾಟಕ ತಂಡ ಹೋಗಿ ಬಂದರೆ ಸಂಸ್ಕೃತಿಯನ್ನು ತಲುಪಿಸಿದಂತೆ ಎಂಬ ಭಾವನೆಯೂ ಉಂಟು. ಆದರೆ ತೆಂಕುತಿಟ್ಟಿನ ಚರಿತ್ರೆಯಲ್ಲಿ ಪಾರ್ತಿಸುಬ್ಬನ ಕುಂಬಳೆ ಅಂಚಲ್ಲ, ಅದೇ ನಡು. ಗಡಿ ಎಂಬುದು ಯಾವುದರ ಗಡಿ ಎಂದು ಕೇಳದೆ ಆ ಪದವನ್ನು ಬಳಸಿದರೆ, ನಾವೂ ಬಾಗಿಲಿನ ತೂತಿನಲ್ಲಿ ಇಣುಕಿ ಕತ್ತಲೆಯನ್ನಷ್ಟೇ ಕಂಡವರಾಗುತ್ತೇವೆ. ಇಂಥ ಊರುಗಳಿಗೆ ಬೇಕಾಗಿರುವುದು ಅತಿಥಿಗಳ ಅಪರೂಪದ ಉತ್ಸವಗಳಲ್ಲ. ವಾರಕ್ಕೊಮ್ಮೆ ತಪ್ಪದೆ ತೆರೆಯುವ ವಾಚನಾಲಯ, ಇಬ್ಬರೇ ಮಕ್ಕಳು ಬಂದರೂ ನಡೆಯುವ ಕನ್ನಡ ತರಗತಿ, ಮಳೆಗಾಲದಲ್ಲೂ ಕೂಡುವ ತಾಳಮದ್ದಳೆ ಬೇಕಾಗಿವೆ. ಸಂಖ್ಯೆಯನ್ನು ಕಾರಣವಾಗಿ ತೋರಿಸಿ ಶಾಲೆಯ ಕನ್ನಡ ವಿಭಾಗವನ್ನು ಮುಚ್ಚುವ ತರ್ಕಕ್ಕೆ ಬೆಕೆಟ್ ಅವರ 8.15ರ ತೆರೆ ಒಂದು ಉತ್ತರ.

ಎರಡನೆಯ ಪ್ರಶ್ನೆ ಕಷ್ಟದ್ದು, ಏಕೆಂದರೆ ಅದು ನಮ್ಮ ಕಡೆಗೇ ತಿರುಗುತ್ತದೆ. ಅಲ್ಪಸಂಖ್ಯಾತರಾಗಿ ನಾವು ನಮ್ಮ ಸುತ್ತ ಬರೆದುಕೊಂಡ ಗೋಡೆಯ ಸಭೆಯಲ್ಲಿ ಗೌರವದ ಆಸನ ಯಾರದು? ಕಾಸರಗೋಡಿನ ಕನ್ನಡದ ಚಿತ್ರದಲ್ಲಿ ಕೊರಗರ ಭಾಷೆಗೆ ಎಲ್ಲಿ ಜಾಗವಿದೆ? ನೀಲಗಿರಿಯ ಕನ್ನಡದ ಬಗ್ಗೆ ಬರೆಯುವಾಗ ತೋಡ, ಕೋತ, ಇರುಳ ಭಾಷೆಗಳು ಹಿನ್ನೆಲೆಯ ಬೆಟ್ಟಗಳಂತೆ ಉಳಿಯುತ್ತವೆಯೇ, ಅಥವಾ ಎದುರು ಕೂತು ನೋಡುವ, ಮಾತಾಡುವ ನೆರೆಯವರಾಗಿ ಬರುತ್ತವೆಯೇ? ಬಡಗ ಭಾಷೆಯನ್ನು ಕನ್ನಡದ ಉಪಭಾಷೆಯೆಂದು ಎಣಿಸುವಾಗ ಅದನ್ನು ಆಡುವವರ ಅಭಿಪ್ರಾಯವನ್ನು ಕೇಳಿದ್ದೇವೆಯೇ? ವಯನಾಡಿನ ಬೆಟ್ಟ ಕುರುಂಬರ ನುಡಿ ನಮ್ಮ ಸಮೀಕ್ಷೆಗಳ ಯಾವ ಪುಟದಲ್ಲಿದೆ? ಬಹುಸಂಖ್ಯಾತರ ಗೋಡೆಯಲ್ಲಿ ತನಗೆ ಆಸನವಿಲ್ಲವೆಂದು ನೋಯುವ ಸಮುದಾಯ ತನ್ನ ಗೋಡೆಯಲ್ಲಿ ಇನ್ನೂ ಚಿಕ್ಕವರಿಗೆ ಆಸನ ಇಡುವುದನ್ನು ಮರೆಯುವುದು ಸುಲಭ. ತನ್ನ ನೋವೇ ಎದುರಿಗಿರುವಾಗ ಪಕ್ಕದವರು ಕಾಣುವುದಿಲ್ಲ.

ಬೆಕೆಟ್ 2017ರ ಜನವರಿ 30ರಂದು ಡೆತ್ ವ್ಯಾಲಿ ಜಂಕ್ಷನ್‌ನಲ್ಲಿಯೇ ತೀರಿಕೊಂಡರು. ರಂಗಮಂದಿರ ಉಳಿದಿದೆ, ಗೋಡೆಯ ಅರಸ ಅರಸಿಯರು ಇನ್ನೂ ವೇದಿಕೆಯನ್ನು ನೋಡುತ್ತಿದ್ದಾರೆ. ಅವರನ್ನು ಅಳಿಸಬೇಕೆಂದು ಯಾರೂ ಹೇಳಲಾರರು. ಅದು ಒಬ್ಬ ಕಲಾವಿದೆಯ ಜೀವಮಾನದ ಕೆಲಸ. ಆದರೆ ಮುಂದಿನ ವಿಮರ್ಶೆ ಆ ಗೋಡೆಯಿಂದ ಕಣ್ಣು ತೆಗೆದು ಕುರ್ಚಿಗಳತ್ತ ನೋಡಬೇಕಾಗಿದೆ. ಮೊದಲ ರಾತ್ರಿಯ ಆ ಹನ್ನೆರಡು ಮಂದಿ ಕಥನದಲ್ಲಿ ಒಂದು ಸಂಖ್ಯೆಯಾಗಿ ಮಾತ್ರ ಉಳಿದಿದ್ದಾರೆ, ಅದೂ ಅಲ್ಪತೆಯನ್ನು ಸೂಚಿಸುವ ಸಂಖ್ಯೆಯಾಗಿ. ಅವರು ಮರುಭೂಮಿಯ ರಾತ್ರಿಯಲ್ಲಿ ಮನೆಯಿಂದ ಹೊರಟು, ತಮಗೆ ಪರಿಚಯವಿಲ್ಲದ ಕಲೆಯೊಂದನ್ನು ನೋಡಲು ಮಡಚು ಕುರ್ಚಿಯಲ್ಲಿ ಬಂದು ಕೂತರು. ಅಮರ್ಗೋಸಾದ ಚರಿತ್ರೆಯನ್ನು ಅವರಿಂದ, ಮತ್ತು ಅವರಿಗೂ ಮುಂಚೆ ಆ ನೆಲಕ್ಕೆ ಕೆಮ್ಮಣ್ಣಿನ ಹೆಸರಿಟ್ಟವರಿಂದ, ಮತ್ತೆ ಬರೆಯಲು ಆರಂಭಿಸಬಹುದು.